ಸಾಕು ನಾಯಿಗಳ ತುಪ್ಪಳದ ವಿಧಗಳು ಮತ್ತು ಅವುಗಳ ಆರೈಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೇಸಿಗೆಯ ಬಿಸಿಲು ಏರತೊಡಗಿದೊಡನೆ ಪಶು ಆಸ್ಪತ್ರೆಗಳಿಗೆ ಬರುವ ನಾಯಿ ಪಾಲಕರಲ್ಲಿ ಅನೇಕರು ಒಂದೇ ಬಗೆಯ ಕೋರಿಕೆಯನ್ನು ಮುಂದಿಡುತ್ತಾರೆ. ಸೆಖೆ ತಾಳಲಾರದೆ ನಾಯಿ ಬಳಲುತ್ತಿದೆ, ಅದರ ಕೂದಲನ್ನು ಪೂರ್ತಿಯಾಗಿ ಬೋಳಿಸಿಕೊಡಬೇಕು ಎಂಬುದೇ ಆ ಕೋರಿಕೆ. ಅದರ ಹಿಂದಿರುವ ಕಾಳಜಿ ಪ್ರಶಂಸನೀಯವಾದುದು. ಆದರೆ ಹಲವು ತಳಿಗಳಲ್ಲಿ ಹಾಗೆ ಬೋಳಿಸುವುದರಿಂದ ನಾಯಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಯಾವ ನಾಯಿಯ ಕೂದಲನ್ನು ಕತ್ತರಿಸಬಹುದು, ಯಾವುದನ್ನು ಬಾಚಿದರೆ ಸಾಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಆ ನಾಯಿಯ ತುಪ್ಪಳದ ವಿಧವನ್ನು ಅವಲಂಬಿಸಿರುತ್ತದೆ. ಈ ಕುರಿತು ಪಾಲಕರಿಗೂ, ನಾಯಿಗಳ ತುಪ್ಪಳ ಆರೈಕೆಯನ್ನು ವೃತ್ತಿಯಾಗಿ ಕೈಗೊಂಡಿರುವವರಿಗೂ ತಿಳಿವಳಿಕೆ ನೀಡುವ ಸಲುವಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಗ್ರೂಮಿಂಗ್ ಎಂದು ವಾಡಿಕೆಯಲ್ಲಿ ಕರೆಯಲಾಗುವ ಈ ಸೇವೆಯು ಬಹುಪಾಲು ಖಾಸಗಿ ಕೇಂದ್ರಗಳಲ್ಲಿ ದೊರೆಯುತ್ತದೆ. ಪಶು ಆಸ್ಪತ್ರೆಗಳ ಕರ್ತವ್ಯವು ಮುಖ್ಯವಾಗಿ ಚಿಕಿತ್ಸೆ, ಲಸಿಕೆ ಹಾಗೂ ರೋಗ ನಿಯಂತ್ರಣಕ್ಕೆ ಸಂಬಂಧಿಸಿದ್ದಾಗಿದ್ದು, ಅಂದಕ್ಕಾಗಿ ಕೂದಲು ಕತ್ತರಿಸುವುದು ಅದರಲ್ಲಿ ಸೇರಿರುವುದಿಲ್ಲ. ಚರ್ಮರೋಗದ ಚಿಕಿತ್ಸೆಗಾಗಿ ಅಥವಾ ಗಾಯವನ್ನು ಶುಚಿಗೊಳಿಸಲು ಕೂದಲು ತೆಗೆಯುವುದು ಬೇರೆ ವಿಷಯ. ಅದನ್ನು ಪಶುವೈದ್ಯರು ನಿರ್ಧರಿಸುತ್ತಾರೆ.

ತುಪ್ಪಳದ ರಚನೆ

ಮನುಷ್ಯನ ಕೂದಲಿಗೂ ನಾಯಿಯ ತುಪ್ಪಳಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಅರಿಯುವುದು ಅವಶ್ಯಕ. ನಾಯಿಯ ಚರ್ಮದಲ್ಲಿ ಒಂದೇ ರಂಧ್ರದಿಂದ ಹಲವು ಕೂದಲುಗಳು ಗುಂಪಾಗಿ ಹೊರಬರುತ್ತವೆ. ಅವುಗಳಲ್ಲಿ ಉದ್ದವಾದ, ಗಡುಸಾದ ಕೂದಲು ಹೊರ ತುಪ್ಪಳವಾಗುತ್ತದೆ. ಅದು ಬಿಸಿಲು, ಮಳೆ, ಮುಳ್ಳುಗಳಿಂದ ಮೈಯನ್ನು ಕಾಯುತ್ತದೆ. ಅದರ ಅಡಿಯಲ್ಲಿ ಹತ್ತಿಯಂತೆ ಮೃದುವಾದ ಒಳ ತುಪ್ಪಳವಿದ್ದು, ಗಾಳಿಯನ್ನು ಹಿಡಿದಿಟ್ಟುಕೊಂಡು ಹೊರಗಿನ ತಾಪವು ಚರ್ಮಕ್ಕೆ ನೇರವಾಗಿ ತಾಗದಂತೆ ತಡೆಯುತ್ತದೆ. ಚಳಿಯನ್ನು ತಡೆಯುವ ಗಾಳಿಯ ಪದರವೇ ಬಿಸಿಲಿನ ಝಳವನ್ನೂ ತಡೆಯುತ್ತದೆ ಎಂಬುದನ್ನು ಪಾಲಕರು ಗಮನಿಸಬೇಕು.

ನಾಯಿಗಳು ಮನುಷ್ಯರಂತೆ ಮೈಯೆಲ್ಲಾ ಬೆವರಿ ತಂಪಾಗುವುದಿಲ್ಲ. ತಾಪ ನಿಯಂತ್ರಣಕ್ಕೆ ಉಪಯುಕ್ತವಾದ ಬೆವರು ಗ್ರಂಥಿಗಳು ಬಹುಮಟ್ಟಿಗೆ ಅಂಗಾಲಿನಲ್ಲಿ ಮಾತ್ರ ಇರುತ್ತವೆ. ಮೈಯ ತಾಪವನ್ನು ಅವು ಮುಖ್ಯವಾಗಿ ನಾಲಿಗೆ ಚಾಚಿ ತೇಗುವ ಮೂಲಕ ಹೊರಹಾಕುತ್ತವೆ. ಆದುದರಿಂದ ಬೆನ್ನಿನ ಕೂದಲನ್ನು ತೆಗೆದರೆ ಬೆವರು ಆರಿ ನಾಯಿ ತಂಪಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಪ್ರತಿಯೊಂದು ಕೂದಲೂ ಬೆಳೆಯುವ ಹಂತ, ನಿಲ್ಲುವ ಹಂತ ಮತ್ತು ಉದುರುವ ಹಂತಗಳನ್ನು ಕ್ರಮವಾಗಿ ದಾಟುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮುಂತಾದ ತಳಿಗಳಲ್ಲಿ ಹೆಚ್ಚಿನ ಕೂದಲುಗಳು ನಿಲುಗಡೆಯ ಹಂತದಲ್ಲೇ ಬಹುಕಾಲ ಇರುತ್ತವೆ; ಒಂದು ನಿಗದಿತ ಉದ್ದಕ್ಕೆ ಬೆಳೆದು ನಿಂತು, ಅನಂತರ ಉದುರುತ್ತವೆ. ಪೂಡಲ್ ತಳಿಯಲ್ಲಿ ಬೆಳೆಯುವ ಹಂತವು ದೀರ್ಘವಾಗಿರುವುದರಿಂದ ಕೂದಲು ಬೆಳೆಯುತ್ತಲೇ ಹೋಗುತ್ತದೆ ಮತ್ತು ಕಡಿಮೆ ಉದುರುತ್ತದೆ. ಕತ್ತರಿ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆಗೆ ಉತ್ತರವು ಬಹುತೇಕ ಈ ಒಂದು ವ್ಯತ್ಯಾಸದಲ್ಲಿಯೇ ಇದೆ.

ಗಿಡ್ಡ ಮತ್ತು ನಯವಾದ ತುಪ್ಪಳ

ಮುಧೋಳ, ಡಾಬರ್‌ಮನ್, ಬಾಕ್ಸರ್, ಗಿಡ್ಡ ಕೂದಲಿನ ಡ್ಯಾಶ್‌ಹೌಂಡ್ ಹಾಗೂ ನಮ್ಮ ಬೀದಿಗಳಲ್ಲಿ ಕಾಣುವ ದೇಶಿ ನಾಯಿಗಳಲ್ಲಿ ಬಹುಪಾಲು ಈ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಕತ್ತರಿಯ ಅಗತ್ಯವಿಲ್ಲ. ರಬ್ಬರಿನ ಹಲ್ಲುಳ್ಳ ಬ್ರಷ್‌ನಿಂದ ವಾರಕ್ಕೊಮ್ಮೆ ಕೂದಲು ಬೆಳೆದ ದಿಕ್ಕಿನಲ್ಲಿ ಉಜ್ಜಿ, ಅನಂತರ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಬಗ್ಗೆ ಒಂದೆರಡು ಮಾತು ಇಲ್ಲಿ ಅವಶ್ಯಕವಾಗಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದ ಈ ಬೇಟೆನಾಯಿಯ ಚಿತ್ರವುಳ್ಳ ಅಂಚೆ ಚೀಟಿಯನ್ನು ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಹೊರತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿಯ ಚರ್ಮ ತೆಳು, ಚರ್ಮದಡಿಯ ಕೊಬ್ಬು ಅತ್ಯಲ್ಪ, ಕೂದಲು ಗಿಡ್ಡ. ಬಯಲುಸೀಮೆಯ ಹೊಲಗಳಲ್ಲಿ ಓಡಾಡಲು ಹೇಳಿ ಮಾಡಿಸಿದಂತಿರುವ ಈ ಮೈಕಟ್ಟು, ನಗರದ ಮನೆಯ ಸಿಮೆಂಟು ಅಥವಾ ಗ್ರಾನೈಟ್ ನೆಲದ ಮೇಲೆ ಮಲಗಿದಾಗ ತೊಂದರೆಗೊಳಗಾಗುತ್ತದೆ. ಮೊಣಕೈ ಮತ್ತು ಸೊಂಟದ ಮೂಳೆಯ ಮೇಲಿನ ಕೂದಲು ಸವೆದು, ಚರ್ಮ ದಪ್ಪಗಟ್ಟಿ, ಕ್ರಮೇಣ ಹುಣ್ಣಾಗುವ ಸಂಭವವಿರುತ್ತದೆ. ಗೋಣಿತಾಟಿನ ಅಥವಾ ಹಳೆಯ ಕಂಬಳಿಯ ದಪ್ಪ ಹಾಸಿಗೆ ಒದಗಿಸುವುದು ಇದಕ್ಕೆ ಪರಿಹಾರ. ಲೋಹದ ಹಲ್ಲಿನ ಬ್ರಷ್‌ಗಳನ್ನು ಈ ತಳಿಗೆ ಬಳಸಬಾರದು, ಚರ್ಮ ಗೀರಿಹೋಗುತ್ತದೆ. ಅಲ್ಲದೆ ಅರಿವಳಿಕೆ ಔಷಧಿಗಳಲ್ಲಿ ಕೆಲವು ಇಂತಹ ಬೇಟೆನಾಯಿಗಳ ಮೇಲೆ ದೀರ್ಘಕಾಲ ಪರಿಣಾಮ ಬೀರುವುದರಿಂದ, ಯಾವುದೇ ಕಾರಣಕ್ಕೆ ಮತ್ತು ಬರಿಸಬೇಕಾದಾಗ ತಳಿಯನ್ನು ಪಶುವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಪಗ್ ತಳಿಯು ಕೂದಲಿನಲ್ಲಿ ಗಿಡ್ಡವಾದರೂ ಧಾರಾಳವಾಗಿ ಉದುರಿಸುತ್ತದೆ. ಅದರ ಮುಖದ ಮಡಿಕೆಗಳನ್ನು ಪ್ರತಿದಿನ ಒಣ ಹತ್ತಿಯಿಂದ ಒರೆಸಬೇಕು.

ಇಮ್ಮಡಿ ತುಪ್ಪಳ

ಹೊರ ತುಪ್ಪಳ ಮತ್ತು ದಟ್ಟವಾದ ಒಳ ತುಪ್ಪಳ ಎರಡನ್ನೂ ಹೊಂದಿರುವ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಪಾಮರೇನಿಯನ್ ಮತ್ತು ಇಂಡಿಯನ್ ಸ್ಪಿಟ್ಜ್ ಈ ವರ್ಗದಲ್ಲಿ ಬರುತ್ತವೆ. ನಮ್ಮ ಮನೆಗಳಲ್ಲಿ ಪಾಮರೇನಿಯನ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ಆಗಿರುತ್ತವೆ. ಆರೈಕೆಯ ಮಟ್ಟಿಗೆ ಇದರಿಂದ ವ್ಯತ್ಯಾಸವೇನೂ ಆಗುವುದಿಲ್ಲ.

ಬೇಸಿಗೆಯ ಬೋಳಿಸುವಿಕೆಯಿಂದ ಹೆಚ್ಚು ಹಾನಿಗೊಳಗಾಗುವುದು ಈ ವರ್ಗವೇ. ಚರ್ಮದವರೆಗೆ ಕ್ಲಿಪ್ಪರ್ ಹಾಯಿಸಿದಾಗ ಉದ್ದನೆಯ ಹೊರ ತುಪ್ಪಳವೂ ಮೃದುವಾದ ಒಳ ತುಪ್ಪಳವೂ ಒಂದೇ ಮಟ್ಟಕ್ಕೆ ಬರುತ್ತವೆ. ಮರಳಿ ಬೆಳೆಯುವಾಗ ಒಳ ತುಪ್ಪಳ ಬೇಗ ಬೆಳೆದು, ಹೊರ ತುಪ್ಪಳ ಹಿಂದೆ ಬೀಳುತ್ತದೆ. ಪರಿಣಾಮವಾಗಿ ತುಪ್ಪಳ ಅಲ್ಲಲ್ಲಿ ತೇಪೆ ಹಾಕಿದಂತೆ, ಹತ್ತಿ ಅಂಟಿಸಿದಂತೆ ಕಾಣುತ್ತದೆ. ಕೊಳೆ ಮತ್ತು ನೀರನ್ನು ಹೀರಿಕೊಳ್ಳುತ್ತದೆ. ಕೆಲವು ನಾಯಿಗಳಲ್ಲಿ, ವಿಶೇಷವಾಗಿ ಹಸ್ಕಿ ಮತ್ತು ಸ್ಪಿಟ್ಜ್ ಜಾತಿಯವುಗಳಲ್ಲಿ, ಬೋಳಿಸಿದ ಭಾಗದಲ್ಲಿ ತಿಂಗಳುಗಟ್ಟಲೆ ಕೂದಲು ಬೆಳೆಯುವುದೇ ಇಲ್ಲ. ಹೀಗೆ ಒಂದು ವರ್ಷಕ್ಕೂ ಮೇಲ್ಪಟ್ಟು ಕಾದ ನಿದರ್ಶನಗಳು ಪಶುವೈದ್ಯ ವೃತ್ತಿಯಲ್ಲಿ ಹೊಸವಲ್ಲ. ಬರಿದಾದ ತಿಳಿಬಣ್ಣದ ಚರ್ಮವು ಬಿಸಿಲಿಗೆ ಸುಟ್ಟು ಕೆಂಪಾಗುತ್ತದೆ. ಹಾಗೂ ಅಲ್ಲಿಯವರೆಗೆ ಕೂದಲಿನಲ್ಲಿ ದಾರಿ ಹುಡುಕುತ್ತಿದ್ದ ಸೊಳ್ಳೆ, ನೊಣಗಳಿಗೆ ಚರ್ಮ ನೇರವಾಗಿ ಸಿಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಉದುರಲು ಸಿದ್ಧವಾಗಿರುವ ಒಳ ತುಪ್ಪಳವನ್ನು ಬಾಚಿ ಹೊರತೆಗೆಯಬೇಕು. ಅದು ಒಳಗೇ ಸಿಕ್ಕಿಕೊಂಡು ಅಟ್ಟೆಗಟ್ಟಿದಾಗ ಚರ್ಮಕ್ಕೆ ಗಾಳಿಯಾಡುವುದಿಲ್ಲ. ನಾಯಿಗೆ ಸೆಖೆಯೆನಿಸುವುದು ಇದೇ ಕಾರಣದಿಂದ. ಒಳ ತುಪ್ಪಳಕ್ಕೆಂದೇ ಸಿಗುವ ಉದ್ದ ಹಲ್ಲಿನ ಬಾಚಣಿಗೆಯಿಂದ, ಕೂದಲನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬರಬೇಕು. ತೊಡೆಯ ಹಿಂಭಾಗ, ಕತ್ತಿನ ಸುತ್ತ ಹಾಗೂ ಕಿವಿಯ ಹಿಂದೆ ಹೆಚ್ಚು ಗಮನ ಕೊಡಬೇಕು. ಸಾಮಾನ್ಯ ದಿನಗಳಲ್ಲಿ ವಾರಕ್ಕೆರಡು ಬಾರಿ, ಉದುರುವ ಕಾಲದಲ್ಲಿ ಪ್ರತಿದಿನ ಹೀಗೆ ಮಾಡಿದರೆ ಬೇಸಿಗೆಗೆ ಅದೇ ಸಾಕಾದ ಸಿದ್ಧತೆ. ಹೊಟ್ಟೆಯ ಕೆಳಭಾಗದ ಕೂದಲನ್ನು ಗಿಡ್ಡಗೊಳಿಸುವುದಕ್ಕೆ, ಅಂಗಾಲಿನ ಮೆತ್ತೆಗಳ ನಡುವಿನ ಹಾಗೂ ಗುದದ ಸುತ್ತಲಿನ ಕೂದಲನ್ನು ಕತ್ತರಿಸುವುದಕ್ಕೆ ಅಡ್ಡಿಯಿಲ್ಲ.

ಬ್ಲೇಡುಳ್ಳ ಕೆಲವು ಉಪಕರಣಗಳು ಬಾಚಣಿಗೆಯ ರೂಪದಲ್ಲಿ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಎಳೆದಾಗ ರಾಶಿ ರಾಶಿಯಾಗಿ ಕೂದಲು ಬರುವುದನ್ನು ಕಂಡು ಪಾಲಕರು ಸಂತೋಷಪಡುವುದುಂಟು. ಒಂದೇ ಜಾಗದಲ್ಲಿ ಪದೇ ಪದೇ ಎಳೆದರೆ ಅವು ಹೊರ ತುಪ್ಪಳವನ್ನೂ ತುಂಡರಿಸುತ್ತವೆ ಎಂಬುದನ್ನು ಮರೆಯಬಾರದು.

ರೇಷ್ಮೆಯಂತಹ ಉದ್ದ ಕೂದಲು ಮತ್ತು ಗುಂಗುರು ಕೂದಲು

ಶಿಟ್ಜು, ಲಾಸಾ ಆಪ್ಸೊ, ಮಾಲ್ಟೀಸ್, ಯಾರ್ಕ್‌ಷೈರ್ ಟೆರಿಯರ್ ಇವುಗಳ ಕೂದಲು ನೆಲ ಮುಟ್ಟುವಷ್ಟು ಬೆಳೆಯಬಲ್ಲದು. ಪೂಡಲ್ ಮತ್ತು ಪೂಡಲ್ ಮಿಶ್ರತಳಿಗಳ ಗುಂಗುರು ಕೂದಲು ಉದುರಿದರೂ ನೆಲಕ್ಕೆ ಬೀಳದೆ ಸುರುಳಿಯೊಳಗೇ ಸಿಕ್ಕಿಕೊಳ್ಳುತ್ತದೆ. ಈ ನಾಯಿಗಳು ಮನೆಯಲ್ಲಿ ಕೂದಲು ಉದುರಿಸುವುದಿಲ್ಲವೆಂಬ ಕಾರಣಕ್ಕೆ ಇವನ್ನು ಆರಿಸಿಕೊಳ್ಳುವವರು ಉದುರದ ಕೂದಲನ್ನು ಪ್ರತಿದಿನ ತಾವೇ ಬಾಚಿ ತೆಗೆಯಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ಸುಮಾರು 4ರಿಂದ 6 ವಾರಗಳಿಗೊಮ್ಮೆ ಕತ್ತರಿಸುವುದು ಇವುಗಳಿಗೆ ಅನಿವಾರ್ಯ. ಬೋಳಿಸಬಾರದೆಂದು ಮೇಲೆ ಹೇಳಿದ ಮಾತು ಇವುಗಳಿಗೆ ಅನ್ವಯಿಸುವುದಿಲ್ಲ. ಚರ್ಮ ಕಾಣದಷ್ಟು ಉದ್ದವನ್ನು ಉಳಿಸಿ ಗಿಡ್ಡಗೊಳಿಸಿದರೆ ನಾಯಿಗೂ ಪಾಲಕರಿಗೂ ನೆಮ್ಮದಿ. ದಿನವೂ ಬಾಚಲು ಸಮಯವಿಲ್ಲದವರು ಪ್ರದರ್ಶನದ ನಾಯಿಗಳಂತೆ ಉದ್ದ ಕೂದಲು ಬಿಡುವ ಆಸೆಯನ್ನು ತೊರೆಯುವುದು ಒಳಿತು.

ಕೂದಲು ಜಡೆಗಟ್ಟುವುದು ಈ ವರ್ಗದ ಅತಿ ದೊಡ್ಡ ಸಮಸ್ಯೆ. ಮೇಲ್ಮೈಯನ್ನು ಮಾತ್ರ ಬ್ರಷ್ ಮಾಡಿದಾಗ ಮೇಲೆ ನಯವಾಗಿ ಕಂಡರೂ ಬುಡದಲ್ಲಿ ಗಂಟುಗಳು ಬೆಳೆಯುತ್ತಿರುತ್ತವೆ. ಬಾಚಣಿಗೆಯ ತುದಿ ಚರ್ಮವನ್ನು ಮೃದುವಾಗಿ ಮುಟ್ಟಿ ತಡೆಯಿಲ್ಲದೆ ಹೊರಬಂದರೆ ಮಾತ್ರ ಬಾಚಿದ್ದು ಸರಿಯಾಗಿದೆಯೆಂದು ತಿಳಿಯಬಹುದು. ಕಂಕುಳು, ಕಿವಿಯ ಹಿಂಭಾಗ, ಕೊರಳಪಟ್ಟಿಯ ಅಡಿ, ತೊಡೆಯ ಸಂದು ಇವು ಜಡೆ ಆರಂಭವಾಗುವ ಸ್ಥಳಗಳು. ಬಲಿತ ಜಡೆಯು ಚರ್ಮವನ್ನು ಎಲ್ಲ ದಿಕ್ಕುಗಳಿಂದ ಎಳೆಯುತ್ತಿರುವುದರಿಂದ ನಾಯಿಗೆ ಪ್ರತಿ ಹೆಜ್ಜೆಯೂ ನೋವಿನದಾಗುತ್ತದೆ. ಅದರ ಅಡಿಯಲ್ಲಿ ಕೀವು, ಕೆಲವೊಮ್ಮೆ ಹುಳುಗಳೂ ಇರುವುದುಂಟು.

ಜಡೆಯನ್ನು ಬಿಡಿಸುವ ಮುನ್ನ ಸ್ನಾನ ಮಾಡಿಸಬಾರದು. ನೀರು ತಾಗಿ ಒಣಗಿದಂತೆ ಗಂಟು ಮತ್ತಷ್ಟು ಬಿಗಿಯಾಗುತ್ತದೆ. ಮನೆಯ ಕತ್ತರಿಯಿಂದ ಜಡೆಯನ್ನು ಕತ್ತರಿಸಲು ಹೋಗುವುದು ಅಪಾಯಕರ. ಜಡೆಯೊಂದಿಗೆ ಮೇಲೆದ್ದು ಬಂದ ಚರ್ಮದ ಮಡಿಕೆಯೂ ಕತ್ತರಿಗೆ ಸಿಕ್ಕಿ ಹೊಲಿಗೆ ಹಾಕಬೇಕಾದ ಗಾಯಗಳಾಗುತ್ತವೆ. ಚಿಕ್ಕ ಗಂಟುಗಳನ್ನು ಸ್ವಲ್ಪ ಜೋಳದ ಪಿಷ್ಟ ಉದುರಿಸಿ ಬೆರಳುಗಳಿಂದಲೇ ಬಿಡಿಸಬಹುದು. ಬಲಿತ ಜಡೆಗೆ ಕ್ಲಿಪ್ಪರ್ ಒಂದೇ ದಾರಿ. ಸಾಮಾನ್ಯವಾಗಿ 10 ಸಂಖ್ಯೆಯ ಬ್ಲೇಡು, ಅಂದರೆ ಸುಮಾರು 1.5 ಮಿಲಿಮೀಟರ್ ಕೂದಲು ಉಳಿಸುವಂತಹದು, ಇದಕ್ಕೆ ಸುರಕ್ಷಿತವಾದುದು. ಬ್ಲೇಡು ಕೆಲವೇ ನಿಮಿಷಗಳಲ್ಲಿ ಬಿಸಿಯಾಗುವುದರಿಂದ ಅದನ್ನು ಆಗಾಗ್ಗೆ ತಮ್ಮ ಮುಂಗೈಗೆ ತಾಗಿಸಿ ಪರೀಕ್ಷಿಸತಕ್ಕದ್ದು. ಕಿವಿಗಳ ಮೇಲಿದ್ದ ಭಾರವಾದ ಜಡೆಯನ್ನು ತೆಗೆದ ಬಳಿಕ ಕೆಲವು ನಾಯಿಗಳು ತಲೆಯನ್ನು ಜೋರಾಗಿ ಕೊಡವಿಕೊಂಡು ಕಿವಿಯ ಹಾಳೆಯೊಳಗೆ ರಕ್ತ ತುಂಬಿಕೊಳ್ಳುತ್ತದೆ. ಇಂತಹ ಸಂದರ್ಭದಲ್ಲಿ ಒಂದೆರಡು ದಿನ ಕಿವಿಗಳನ್ನು ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿಡುವ ಕುರಿತು ಪಶುವೈದ್ಯರ ಸಲಹೆ ಪಡೆಯುವುದು ಉತ್ತಮ.

ಕಣ್ಣಿನ ಮುಂದೆ ಬೀಳುವ ಕೂದಲನ್ನು ಕಟ್ಟಬೇಕು ಅಥವಾ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಬೇಕು. ಕಣ್ಣು ಮುಂದಕ್ಕೆ ಚಾಚಿದಂತಿರುವ ಶಿಟ್ಜುಗಳಲ್ಲಿ ಕೂದಲು ಚುಚ್ಚಿ ಕಣ್ಣಿನಲ್ಲಿ ಹುಣ್ಣಾಗುವುದುಂಟು.

ತಂತಿಯಂತಹ ಒರಟು ತುಪ್ಪಳ

ಷ್ನೌಜರ್ ಹಾಗೂ ಕೆಲವು ಟೆರಿಯರ್ ತಳಿಗಳು ನಮ್ಮಲ್ಲಿ ವಿರಳ. ಇವುಗಳ ಬಲಿತ ಕೂದಲನ್ನು ಬೆರಳುಗಳಿಂದ ಅಥವಾ ಅದಕ್ಕೆಂದೇ ಇರುವ ಚಾಕುವಿನಿಂದ ಕಿತ್ತು ತೆಗೆಯುವ ಪದ್ಧತಿಯಿದೆ. ಕ್ಲಿಪ್ಪರ್ ಬಳಸಿದರೆ ಆರೋಗ್ಯಕ್ಕೆ ಕೇಡಿಲ್ಲ. ಕೂದಲು ಮೃದುವಾಗಿ ಬಣ್ಣ ಮಾಸುತ್ತದೆ, ಅಷ್ಟೆ.

ಸ್ನಾನ

ನಾಯಿಯ ಚರ್ಮವು ಮನುಷ್ಯನ ಚರ್ಮಕ್ಕಿಂತ ತೆಳುವಾದುದು ಮತ್ತು ಅದರಷ್ಟು ಆಮ್ಲೀಯವಾಗಿರುವುದಿಲ್ಲ. ಆದುದರಿಂದ ಮನುಷ್ಯರು ಬಳಸುವ ಶಾಂಪೂ, ಮೈಸೋಪು ಹಾಗೂ ಬಟ್ಟೆ ಸೋಪುಗಳನ್ನು ಬಳಸಬಾರದು. ಆರೋಗ್ಯವಂತ ನಾಯಿಗೆ 4ರಿಂದ 6 ವಾರಗಳಿಗೊಮ್ಮೆ ಸ್ನಾನ ಸಾಕು. ವಾರಕ್ಕೆರಡು ಬಾರಿ ಸ್ನಾನ ಮಾಡಿಸಿ, ಚರ್ಮ ಒಣಗಿ ಹೊಟ್ಟು ಏಳುತ್ತಿದೆಯೆಂದು ಆಸ್ಪತ್ರೆಗೆ ಕರೆತರುವ ಪಾಲಕರ ಸಂಖ್ಯೆ ಕಡಿಮೆಯೇನಲ್ಲ. ನೀರು ಉಗುರು ಬೆಚ್ಚಗಿರಲಿ. ಕಿವಿಯೊಳಗೆ ನೀರು ಹೋಗದಂತೆ ಹತ್ತಿ ಇಟ್ಟು, ಸ್ನಾನದ ನಂತರ ಅದನ್ನು ತೆಗೆಯಲು ಮರೆಯದಿರಿ. ಪಶುವೈದ್ಯರು ಬರೆದುಕೊಟ್ಟ ಔಷಧಿಯುಕ್ತ ಶಾಂಪೂವನ್ನು ಸುಮಾರು 10 ನಿಮಿಷಗಳ ಕಾಲ ಮೈಮೇಲೆ ಬಿಟ್ಟು ಅನಂತರ ತೊಳೆಯಬೇಕು. ಕೂಡಲೇ ತೊಳೆದುಬಿಟ್ಟರೆ ಔಷಧಿಯ ಹಣ ನೀರಿಗೆ ಹೋದಂತೆಯೇ ಸರಿ.

ಫಿನಾಯಿಲ್, ಸೀಮೆಎಣ್ಣೆ, ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಎಣ್ಣೆ ಇವುಗಳನ್ನು ಉಣ್ಣಿ ಅಥವಾ ಕಜ್ಜಿಗೆ ಔಷಧಿಯೆಂದು ನಾಯಿಯ ಮೈಗೆ ಬಳಿಯುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಇವು ಚರ್ಮವನ್ನು ಸುಡುವುದಲ್ಲದೆ, ಚರ್ಮದ ಮೂಲಕ ಹಾಗೂ ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆಗೆ ಸೇರಿ ಪ್ರಾಣಾಪಾಯವನ್ನೇ ಉಂಟುಮಾಡಬಲ್ಲವು. ಇವುಗಳನ್ನು ಯಾವುದೇ ಪ್ರಮಾಣದಲ್ಲೂ ಬಳಸತಕ್ಕದ್ದಲ್ಲ. ಗಿಡಮೂಲಿಕೆಯೆಂದು ಮಾರಾಟವಾಗುವ ಟೀ ಟ್ರೀ ಎಣ್ಣೆಯೂ ನಾಯಿಗಳಿಗೆ ವಿಷಕಾರಿ.

ಉಣ್ಣಿ ಮತ್ತು ಚಿಗಟ

ಕೆಲವೆಡೆ ಉಣುಗು ಎಂದು ಕರೆಯಲಾಗುವ ಉಣ್ಣಿಯು ತುಪ್ಪಳದ ಅಂದಕ್ಕೆ ಸಂಬಂಧಿಸಿದ ವಿಷಯವಲ್ಲ, ಜೀವಕ್ಕೆ ಸಂಬಂಧಿಸಿದ್ದು. ನಮ್ಮ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣ್ಣಿಯು ಎರ್ಲಿಕಿಯೋಸಿಸ್ ಮತ್ತು ಬೆಬಿಸಿಯೋಸಿಸ್ ಎಂಬ ರಕ್ತದ ರೋಗಗಳನ್ನು ಹರಡುತ್ತದೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಕಡುಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಪಶು ಆಸ್ಪತ್ರೆಗೆ ಕರೆತರಬೇಕು.

ವಾರಕ್ಕೊಮ್ಮೆ ಬಾಚುವ ಸಮಯದಲ್ಲಿ ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ, ಬಾಲದ ಬುಡದಲ್ಲಿ ಹುಡುಕುವ ಅಭ್ಯಾಸವನ್ನು ಇಟ್ಟುಕೊಳ್ಳುವುದು ಸೂಕ್ತ. ಸಿಕ್ಕ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಬರಿಗೈಯಲ್ಲಿ ಹೊಸಕಬಾರದು, ಬೆಂಕಿಕಡ್ಡಿ ತಾಗಿಸಬಾರದು. ಒಂದು ಹೆಣ್ಣು ಉಣ್ಣಿಯು ಗೋಡೆಯ ಬಿರುಕುಗಳಲ್ಲಿ, ನಾಯಿಗೂಡಿನ ಮೂಲೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ನಾಯಿಗೆ ಮಾತ್ರ ಔಷಧಿ ಹಾಕಿ ಮನೆಯ ಬಿರುಕುಗಳನ್ನು ಹಾಗೆಯೇ ಬಿಟ್ಟರೆ ಕೆಲವೇ ವಾರಗಳಲ್ಲಿ ಉಣ್ಣಿ ಮರಳುತ್ತದೆ.

ಕತ್ತಿನ ಹಿಂದೆ ಹನಿಸುವ ಔಷಧಿಯನ್ನು ಹಾಕುವ 2 ದಿನ ಮೊದಲು ಮತ್ತು ಹಾಕಿದ 2 ದಿನಗಳವರೆಗೆ ಸ್ನಾನ ಮಾಡಿಸಬಾರದು. ಬೆಕ್ಕು ಸಹ ಇರುವ ಮನೆಯವರು ಇನ್ನೂ ಎಚ್ಚರ ವಹಿಸಬೇಕು: ನಾಯಿಗಳಿಗೆಂದು ತಯಾರಿಸಿದ ಪರ್ಮೆಥ್ರಿನ್‌ಯುಕ್ತ ಔಷಧಿ ಬೆಕ್ಕಿಗೆ ಮಾರಕ. ಅಮಿಟ್ರಾಜ್ ಅಥವಾ ಡೆಲ್ಟಾಮೆಥ್ರಿನ್ ದ್ರಾವಣಗಳನ್ನು ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲಿಯೇ ನೀರಿಗೆ ಬೆರೆಸಿ, ಕೈಗವಸು ಧರಿಸಿ ಬಳಸತಕ್ಕದ್ದು. ಬಳಸಿದ ನೀರನ್ನು ಕೆರೆ, ಹಳ್ಳ ಅಥವಾ ಮಳೆನೀರಿನ ಚರಂಡಿಗೆ ಬಿಡಬಾರದು. ಈ ಔಷಧಿಗಳು ಮೀನುಗಳನ್ನು ಕೊಲ್ಲುತ್ತವೆ.

ಒಣಗಿಸುವುದು ಮತ್ತು ತಾಪಾಘಾತ

ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಒದ್ದೆ ತುಪ್ಪಳವೇ ಅರ್ಧ ಚರ್ಮರೋಗಗಳಿಗೆ ಮೂಲವೆಂದರೆ ತಪ್ಪಾಗದು. ದಟ್ಟ ತುಪ್ಪಳದ ಬುಡದಲ್ಲಿ ತೇವ ಉಳಿದರೆ ರಾತ್ರಿ ಬೆಳಗಾಗುವುದರೊಳಗೆ ಅಂಗೈಯಗಲದ ಕೀವುಗಾಯವಾಗಬಲ್ಲದು. ಬುಡದವರೆಗೆ ಒಣಗಿಸುವುದು ಅವಶ್ಯಕ, ನಿಜ. ಆದರೆ ಒಣಗಿಸುವ ವಿಧಾನದಲ್ಲಿಯೇ ಈ ವೃತ್ತಿಯ ಅತ್ಯಂತ ಗಂಭೀರವಾದ ಅಪಾಯವೂ ಅಡಗಿದೆ.

ನಾಯಿಯನ್ನು ಪಂಜರದಲ್ಲಿ ಕೂಡಿ, ಬಿಸಿಗಾಳಿಯ ಡ್ರೈಯರನ್ನು ಪಂಜರಕ್ಕೆ ಹಚ್ಚಿ, ಸಿಬ್ಬಂದಿ ಬೇರೆ ಕೆಲಸಕ್ಕೆ ಹೋಗುವ ಪದ್ಧತಿಯು ನಾಯಿಗಳ ಸಾವಿಗೆ ಕಾರಣವಾಗುತ್ತದೆ. ಪಂಜರದಲ್ಲಿರುವ ನಾಯಿಗೆ ಬಿಸಿಗಾಳಿಯಿಂದ ದೂರ ಸರಿಯಲು ಅವಕಾಶವಿಲ್ಲ. ಸುತ್ತಲಿನ ಗಾಳಿಯೇ ಬಿಸಿಯಾಗಿ ತೇವದಿಂದ ಕೂಡಿರುವಾಗ ತೇಗುವುದರಿಂದ ಮೈ ತಂಪಾಗುವುದೂ ಇಲ್ಲ. ಮೂಗು ಚಪ್ಪಟೆಯಾದ ಪಗ್, ಶಿಟ್ಜು, ಬುಲ್‌ಡಾಗ್ ತಳಿಗಳು, ವಯಸ್ಸಾದವು, ಬೊಜ್ಜು ಬೆಳೆದವು ಮತ್ತು ಹೃದ್ರೋಗವುಳ್ಳವು ಮೊದಲು ಬಲಿಯಾಗುತ್ತವೆ. ಬಿಸಿಗಾಳಿಯ ಪಂಜರ ಡ್ರೈಯರ್ ಬಳಸುವ ಕೇಂದ್ರಕ್ಕೆ ಇಂತಹ ನಾಯಿಗಳನ್ನು ಒಪ್ಪಿಸದಿರುವುದೇ ಲೇಸು. ಟವೆಲಿನಿಂದ ಒತ್ತಿ ನೀರು ತೆಗೆದು, ಬಿಸಿಯಿಲ್ಲದ ರಭಸದ ಗಾಳಿಯಿಂದ, ಮನುಷ್ಯರು ಜೊತೆಗಿದ್ದು ಒಣಗಿಸುವುದು ಸುರಕ್ಷಿತ ವಿಧಾನ.

ನಾಯಿಯ ಸಹಜ ದೇಹತಾಪ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104ನ್ನು ಮೀರಿ, ನಾಯಿ ವಿಪರೀತ ತೇಗುತ್ತಾ, ಜೊಲ್ಲು ಸುರಿಸುತ್ತಾ, ಒಸಡು ಕಡುಗೆಂಪಾಗಿ, ತೂರಾಡತೊಡಗಿದರೆ ತಾಪಾಘಾತವೆಂದು ಭಾವಿಸಬೇಕು. ಕೂಡಲೇ ಮೈಗೆಲ್ಲಾ ತಣ್ಣೀರು ಸುರಿದು ಫ್ಯಾನಿನ ಗಾಳಿ ಒಡ್ಡಿ, ಹಾಗೆಯೇ ತಂಪುಮಾಡುತ್ತಾ ಪಶು ಆಸ್ಪತ್ರೆಗೆ ಸಾಗಿಸಬೇಕು. ಒದ್ದೆ ಬಟ್ಟೆಯನ್ನು ಮೈತುಂಬ ಹೊದಿಸಿ ಬಿಡಬಾರದು; ಅದು ತಾಪವನ್ನು ಒಳಗೇ ಹಿಡಿದಿಡುತ್ತದೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ಮೂತ್ರಪಿಂಡ ಮತ್ತು ರಕ್ತಕ್ಕೆ ಆದ ಹಾನಿ ಮರುದಿನ ಪ್ರಕಟವಾಗಬಹುದಾದ್ದರಿಂದ ತಪಾಸಣೆ ಕಡ್ಡಾಯ.

ಬಾಚಣಿಗೆಯಿಂದ ಪರಿಹಾರವಾಗದ ಲಕ್ಷಣಗಳು

ದುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟೆದ್ದರೆ ಹುಳುಕಡ್ಡಿಯಿರಬಹುದು. ಕಿವಿಯಂಚು, ಮೊಣಕೈಗಳಲ್ಲಿ ವಿಪರೀತ ತುರಿಕೆಯಿದ್ದರೆ ಕಜ್ಜಿಯಿರಬಹುದು. ಇವೆರಡೂ ಮನುಷ್ಯರಿಗೆ, ವಿಶೇಷವಾಗಿ ಮಕ್ಕಳಿಗೆ, ಅಂಟುತ್ತವೆ. ಒಂದೇ ಕ್ಲಿಪ್ಪರ್, ಒಂದೇ ಬ್ರಷ್‌ನಿಂದ ಇತರ ನಾಯಿಗಳಿಗೂ ಹರಡುತ್ತವೆ. ಇಂತಹ ನಾಯಿಯನ್ನು ಗ್ರೂಮಿಂಗ್ ಕೇಂದ್ರಕ್ಕೆ ಒಯ್ಯದೆ ನೇರವಾಗಿ ಆಸ್ಪತ್ರೆಗೆ ಕರೆತರಬೇಕು. ತುರಿಕೆಯಿಲ್ಲದೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ತೆಳುವಾಗುತ್ತಿದ್ದರೆ ಥೈರಾಯಿಡ್ ಮುಂತಾದ ಗ್ರಂಥಿಗಳ ದೋಷವಿರುವ ಸಾಧ್ಯತೆಯಿದ್ದು, ರಕ್ತಪರೀಕ್ಷೆ ಬೇಕಾಗುತ್ತದೆ.

ಆಹಾರದ ವಿಷಯವನ್ನೂ ಇಲ್ಲಿ ಹೇಳಬೇಕು. ಕೂದಲು ಬಹುತೇಕ ಪ್ರೋಟೀನಿನಿಂದಲೇ ಆದದ್ದು. ಹಾಲನ್ನ, ಮೊಸರನ್ನ ಮಾತ್ರ ಉಣ್ಣುವ ನಾಯಿಯ ತುಪ್ಪಳವು ಎಷ್ಟು ದುಬಾರಿ ಶಾಂಪೂ ಬಳಸಿದರೂ ಹೊಳೆಯುವುದಿಲ್ಲ.

ಕೇಂದ್ರಕ್ಕೆ ಒಪ್ಪಿಸುವ ಮುನ್ನ

ರೇಬೀಸ್ ಲಸಿಕೆ ಹಾಗೂ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಸಂಯುಕ್ತ ಲಸಿಕೆಯ ದಾಖಲೆಯನ್ನು ಕೇಳದ ಕೇಂದ್ರವನ್ನು ಪಾಲಕರು ಸಂಶಯದಿಂದಲೇ ನೋಡಬೇಕು. ನಿಮ್ಮ ನಾಯಿಯ ಚೀಟಿ ಕೇಳದವರು ಪಕ್ಕದ ನಾಯಿಯ ಚೀಟಿಯನ್ನೂ ಕೇಳಿರುವುದಿಲ್ಲ. ಸ್ನಾನದ ಮತ್ತು ಒಣಗಿಸುವ ಕೋಣೆಗಳನ್ನು ನೋಡಲು ಅನುಮತಿ ಕೇಳಿ. ಪ್ರತಿ ನಾಯಿಯ ನಂತರ ಬ್ಲೇಡು, ಬಾಚಣಿಗೆಗಳನ್ನು ಸೋಂಕುರಹಿತಗೊಳಿಸುತ್ತಾರೆಯೇ, ಮೇಜಿನ ಮೇಲೆ ಕೊರಳಿಗೆ ಕುಣಿಕೆ ಹಾಕಿದ ನಾಯಿಯನ್ನು ಒಂಟಿಯಾಗಿ ಬಿಡುತ್ತಾರೆಯೇ ಎಂಬುದನ್ನು ಗಮನಿಸಿ. ಕುಣಿಕೆಯಲ್ಲಿರುವಾಗ ಮೇಜಿನಿಂದ ಹಾರಿದ ನಾಯಿಗೆ ಅದು ಉರುಳಾಗುತ್ತದೆ.

ನಾಯಿ ಕಚ್ಚಲು ಬರುತ್ತದೆಯೆಂದು ಮಂಪರಿನ ಔಷಧಿ ಕೊಡುವುದಾಗಿ ಕೇಂದ್ರದವರು ಹೇಳಿದಲ್ಲಿ ಒಪ್ಪಬೇಡಿ. ಭಾರತೀಯ ಪಶುವೈದ್ಯ ಪರಿಷತ್ತು ಅಧಿನಿಯಮ, 1984ರ ಮೇರೆಗೆ ಪಶುವೈದ್ಯ ವೃತ್ತಿಯನ್ನು ನಡೆಸಲು ನೋಂದಾಯಿತ ಪಶುವೈದ್ಯರಿಗೆ ಮಾತ್ರ ಅಧಿಕಾರವಿದೆ. ಮಂಪರು ನೀಡುವುದು ಅವಶ್ಯವಾದಲ್ಲಿ ಅದು ಪಶುವೈದ್ಯರ ಸಮ್ಮುಖದಲ್ಲಿಯೇ ಆಗಬೇಕು.

ನಾಯಿ ಕಚ್ಚಿದಲ್ಲಿ

ಉಗುರು ಕತ್ತರಿಸುವಾಗ, ಜಡೆ ಬಿಡಿಸುವಾಗ ಸೌಮ್ಯ ಸ್ವಭಾವದ ನಾಯಿಯೂ ನೋವಿನಿಂದ ಕಚ್ಚಬಹುದು. ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷಗಳ ಕಾಲ ತೊಳೆದು, ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು ರೇಬೀಸ್ ನಿರೋಧಕ ಲಸಿಕೆಯ ಬಗ್ಗೆ ಅವರ ಸೂಚನೆಯನ್ನು ಪಾಲಿಸತಕ್ಕದ್ದು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ರೋಗಲಕ್ಷಣಗಳು ಕಾಣಿಸಿಕೊಂಡ ನಂತರ ರೇಬೀಸ್ ಬಹುತೇಕ ಯಾವಾಗಲೂ ಮಾರಣಾಂತಿಕ. ಈ ವೃತ್ತಿಯಲ್ಲಿ ತೊಡಗಿರುವವರು ಕಚ್ಚುವ ಮುನ್ನವೇ ಪಡೆಯುವ ಲಸಿಕೆಯನ್ನು ವೈದ್ಯರ ಸಲಹೆಯಂತೆ ಪಡೆದಿರುವುದು ಸೂಕ್ತ.

ಕೇಂದ್ರ ಆರಂಭಿಸುವವರಿಗೆ

ಗ್ರೂಮಿಂಗ್ ಕೇಂದ್ರ ತೆರೆಯಲು ಉದ್ದೇಶಿಸಿರುವವರು ತಮ್ಮ ವ್ಯಾಪ್ತಿಯ ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿಯ ಬಗ್ಗೆ ವಿಚಾರಿಸಿ ಪಡೆಯಬೇಕು. ಅದೇ ಮಳಿಗೆಯಲ್ಲಿ ಸಾಕುಪ್ರಾಣಿಗಳನ್ನು ಮಾರಾಟ ಮಾಡುವುದಾದಲ್ಲಿ 2018ರ ಸಾಕುಪ್ರಾಣಿ ಮಳಿಗೆ ನಿಯಮಗಳ ಪ್ರಕಾರ, ನಾಯಿಮರಿಗಳನ್ನು ಬೆಳೆಸಿ ಮಾರುವುದಾದಲ್ಲಿ 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಅವಶ್ಯ. ಕತ್ತರಿಸಿದ ಕೂದಲನ್ನು ಚರಂಡಿಗೆ ಬಿಡಬಾರದು.

ಅವಘಡ ಸಂಭವಿಸಿದಲ್ಲಿ

ಕೇಂದ್ರದಲ್ಲಿ ನಾಯಿ ಗಾಯಗೊಂಡಲ್ಲಿ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಗಾಯದ ವಿವರವನ್ನು ಲಿಖಿತವಾಗಿ ಪಡೆಯಬೇಕು, ಛಾಯಾಚಿತ್ರಗಳನ್ನು ತೆಗೆದಿಡಬೇಕು. ನಾಯಿ ಸತ್ತಲ್ಲಿ ದುಃಖದ ಭರದಲ್ಲಿ ಕೂಡಲೇ ಹೂಳಿಬಿಡುವುದು ಸಹಜ. ಆದರೆ ಮರಣೋತ್ತರ ಪರೀಕ್ಷೆಯಿಲ್ಲದೆ ಸಾವಿನ ಕಾರಣವನ್ನು ಮುಂದೆ ಸಾಬೀತುಪಡಿಸುವುದು ಕಷ್ಟ. ಕಳೇಬರವನ್ನು ಮಂಜುಗಡ್ಡೆಯ ಜೊತೆಗಿಟ್ಟು ತಂಪಾಗಿರಿಸಿ, ಹೆಪ್ಪುಗಟ್ಟಲು ಬಿಡದೆ, ಸಾಧ್ಯವಾದಷ್ಟು ಬೇಗ ಪಶು ಆಸ್ಪತ್ರೆಗೆ ತರಬೇಕು.

ಸೇವೆಯಲ್ಲಿನ ನ್ಯೂನತೆಗಾಗಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಆದುದರಿಂದ ರಸೀದಿಯನ್ನು ಜೋಪಾನವಾಗಿಡಿ. ಹೊಡೆಯುವುದು, ಹಿಂಸಿಸುವುದು ಕಂಡುಬಂದಲ್ಲಿ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ದೂರು ನೀಡಬಹುದು. ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ 11ನೇ ಪ್ರಕರಣದಡಿ ಮೊದಲ ಅಪರಾಧಕ್ಕೆ ಇರುವ ದಂಡ 10ರಿಂದ 50 ರೂಪಾಯಿ ಮಾತ್ರ ಎಂಬುದು ನಿಜ. ಉದ್ದೇಶಪೂರ್ವಕವಾಗಿ ಪ್ರಾಣಿಯನ್ನು ಕೊಲ್ಲುವುದು ಅಥವಾ ಅಂಗಊನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ 325ನೇ ಪ್ರಕರಣದಡಿ 5 ವರ್ಷಗಳವರೆಗಿನ ಕಾರಾವಾಸಕ್ಕೆ ಗುರಿಯಾಗುವ ಅಪರಾಧ. ದೂರಿನಲ್ಲಿ ಇದನ್ನು ನಮೂದಿಸಬಹುದು.

ಪಶು ಆಸ್ಪತ್ರೆಗೆ ಬರುವಾಗ

ಚರ್ಮದ ತೊಂದರೆಗಾಗಿ ಬರುವವರು ಹಿಂದಿನ 3 ದಿನ ನಾಯಿಗೆ ಸ್ನಾನ ಮಾಡಿಸದೆ, ಎಣ್ಣೆ ಮುಲಾಮು ಹಚ್ಚದೆ ಕರೆತರಬೇಕು. ತೊಳೆದು ಬಂದ ಚರ್ಮದಲ್ಲಿ ಪರೀಕ್ಷೆಗೆ ಮಾದರಿ ಸಿಗುವುದಿಲ್ಲ. ಲಸಿಕೆಯ ಪುಸ್ತಕ, ಈಗ ಬಳಸುತ್ತಿರುವ ಶಾಂಪೂ ಮತ್ತು ಔಷಧಿಗಳ ಬಾಟಲಿಗಳನ್ನು ಜೊತೆಗೆ ತರುವುದು. ನಾಯಿಗೆ ಕೊರಳಪಟ್ಟಿ ಮತ್ತು ಸರಪಳಿ ಇರಲೇಬೇಕು. ಕಚ್ಚುವ ಸ್ವಭಾವವಿದ್ದಲ್ಲಿ ಬಾಯಿಕುಕ್ಕೆ ಹಾಕಿ, ಸರದಿಯಲ್ಲಿ ನಿಲ್ಲುವ ಮುನ್ನವೇ ಸಿಬ್ಬಂದಿಗೆ ತಿಳಿಸಬೇಕು. ಜುಲೈ 6ರ ವಿಶ್ವ ಪ್ರಾಣಿಜನ್ಯ ರೋಗಗಳ ದಿನ ಹಾಗೂ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಲಸಿಕಾ ಶಿಬಿರಗಳು ನಡೆಯುವುದುಂಟು; ದಿನಾಂಕ ಮತ್ತು ಸ್ಥಳವನ್ನು ತಮ್ಮ ಹತ್ತಿರದ ಪಶು ಆಸ್ಪತ್ರೆಯ ಸೂಚನಾ ಫಲಕದಲ್ಲಿ ನೋಡಿಕೊಳ್ಳಲು ಕೋರಲಾಗಿದೆ.